ತಲೆಗೊಂದು ಉಂಡೆ

ನಮ್ಮೂರಿನಲ್ಲಿ ಯಾರು ಶ್ರೀಮಂತ ಎಂದು ತಿಳಿಯಲು ಅವನ ಮನೆ ನೋಡಬೇಕಾಗಿಲ್ಲ. ಅವನು ಆಕಳಿಸುವುದನ್ನು ನೋಡಿದರೆ ಸಾಕು. ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುವವರೆಲ್ಲ ಅಕ್ಕಿ ಗಿರಣಿಯವರು, ಬಟ್ಟೆ ಅಂಗಡಿಯವರು, ಭಟ್ಟಿ ಮಾಲೀಕರು. ಹಿತ್ತಲಲ್ಲಿ ಪಾತ್ರೆ ತೊಳೆಯುವವರು, ಚಪ್ಪರ ಕಟ್ಟುವವರು ಗೆಲುವಾಗಿ ಹರಟೆ ಹೊಡೆಯುತ್ತಿರುತ್ತಾರೆ. ಬೇರೆ ಊರಿನ ಬೀಗರು ಮೊದಲ ಸಲ ಬಂದಾಗ ಇದನ್ನು ಕಂಡು ಕಣ್ಣು ಕಣ್ಣು ಬಿಡುತ್ತಾರೆ. ನಮಗೆ ಅದರಲ್ಲಿ ವಿಶೇಷವೇನೂ ಇಲ್ಲ. ಇಲ್ಲಿ ಲಾಭ ಯಾರ ಕೈಗೆ ಬೀಳುತ್ತದೋ ದಣಿವು ಅವರ ಮೈಗೆ ಬೀಳುತ್ತದೆ. ದುಡಿದವರಿಗೆ ಸಿಗುವುದು ಕೂಲಿ, ಹಸಿವು ಮತ್ತು ಸುಟ್ಟ ಬೆರಳು. ಕೂಲಿಗೆ ದಣಿವು ಅಂಟುವುದಿಲ್ಲ. ಕೂಲಿ ಕೊಟ್ಟು ಮಿಕ್ಕಿದ್ದಕ್ಕೆ ಅಂಟುತ್ತದೆ.

ಹಾಗಾಗಿ ಊರು ಒಂದು ಹದದಲ್ಲಿ ನಡೆದುಕೊಂಡು ಬಂದಿತ್ತು. ಹೊತ್ತು ನೆತ್ತಿಯಿಂದ ಇಳಿಯುತ್ತಿದ್ದಂತೆ ಮಾಲೀಕರೇ ಓಡಿಬಂದು, "ಸಾಕು ಬಿಡ್ರೇ ತಾಯೀ, ನನ್ನ ಸೊಂಟ ಹೋತು" ಎಂದು ಕೈಮುಗಿಯುತ್ತಿದ್ದರು. ದುರಾಸೆಯವರು ಇನ್ನೊಂದೆರಡು ಚೀಲ ಹೆಚ್ಚಿಗೆ ಹುರಿಸಿ ಮರುದಿನ ಹಾಸಿಗೆಯಿಂದ ಏಳುತ್ತಿರಲಿಲ್ಲ. ಎಷ್ಟು ಗಳಿಸಿದರೆ ಸಾಕು ಎಂಬುದನ್ನು ಅವರವರ ಬೆನ್ನುಮೂಳೆಯೇ ಹೇಳುತ್ತಿತ್ತು. ನನಗೆ ಸಿಟ್ಟು ತರಿಸುತ್ತಿದ್ದದ್ದು ಅವರ ಮಾತು ಮಾತ್ರ. ಬೆಳಿಗ್ಗೆಯಿಂದ ಮಂಚ ಬಿಟ್ಟು ಇಳಿಯದವನು ಕಾಲು ನೀವಿಕೊಳ್ಳುತ್ತ, "ನಾನೆಷ್ಟು ದುಡೀತೀನಿ ಅಂತ ನಿಮಗೇನ್ ಗೊತ್ತು? ಮೈಯೆಲ್ಲ ನುಗ್ಗುನುರಿ ಆಗೈತೆ" ಎನ್ನುತ್ತಿದ್ದ. ಕಾದ ಮರಳಿನ ಮುಂದೆ ನಿಂತು ಬಂದ ನಾವು ಅದನ್ನು ಕೇಳಿಸಿಕೊಳ್ಳಬೇಕು. ಸುಳ್ಳು ಎಂದು ಜಾಡಿಸೋಣವೆಂದರೆ ಅವನ ಮೈ ನಿಜವಾಗಿಯೂ ನೋಯುತ್ತಿರುತ್ತದೆ!

ಆ ಕಾದ ಮರಳು ಮುರಿಗೆಪ್ಪನ ಮಂಡಕ್ಕಿ ಭಟ್ಟಿಯದು. ಹುಲ್ಲಿನ ಸೂರಿನ ಕೆಳಗೆ ದೊಡ್ಡ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಕೆಂಪಗೆ ಕಾದ ಮರಳು. ಉಪ್ಪು ಹಾಕಿದ ಅಕ್ಕಿಯನ್ನು ಅದರೊಳಗೆ ಸುರಿದು ಎರಡು ಕೈಯಲ್ಲಿ ತಿರುವಿದರೆ ಚಟಪಟ ಎಂದು ಅರಳುತ್ತದೆ. ಅರಳಿದ್ದನ್ನು ಜರಡಿಗೆ ತೋಡಿ ಹಾಕಿ ಮರಳನ್ನು ಮತ್ತೆ ಬಾಣಲೆಗೆ ಬಿಡಬೇಕು. ಒಲೆಗೆ ಭತ್ತದ ಹೊಟ್ಟು. ಅದರ ಹೊಗೆ ಎಂಥದು ಎಂದು ಕುಡಿದವರಿಗೇ ಗೊತ್ತು. ನನ್ನ ಗಂಡ ಜಂಬಣ್ಣ ಆ ಒಲೆಯ ಬಾಯಲ್ಲಿ ಕೂತು ಹೊಟ್ಟು ಊಡುತ್ತಿದ್ದವನು. ಹೊಗೆ ಎದೆಗೆ ಕೂತ ಮೇಲೆ ಬೀದಿ ಕಡೆಯ ಕಿಟಕಿಯ ಕೆಳಗೆ ಹೊರಸಿನ ಮೇಲೆ ಕೂತು ಉಸಿರು ಎಳೆಯುವಂತಾದ. ದಣಿವು ಮುರಿಗೆಪ್ಪನಿಗೆ ಹೋಗುತ್ತಿತ್ತು, ಹೊಗೆ ನಮ್ಮಲ್ಲೇ ಉಳಿಯುತ್ತಿತ್ತು. ಜಂಬಣ್ಣ ಒಲೆ ಬಿಟ್ಟು ಎದ್ದ ಮೇಲೆ ಅದೇ ಭಟ್ಟಿಗೆ ನಾನು ಹೋದೆ. ಹೊಟ್ಟೆಗೆ ಬೇಕಲ್ಲ. ಆದರೂ ಆಗ ಅವನು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬರುತ್ತಿದ್ದ, ನುಗ್ಗೆ ಗಿಡದ ಕೆಳಗೆ ಕೂತು ನನ್ನನ್ನು ರೇಗಿಸುತ್ತಿದ್ದ. ಅಷ್ಟಿದ್ದರೆ ನನಗೆ ಸಾಕಾಗಿತ್ತು.

ಮುರಿಗೆಪ್ಪನ ಮೊಮ್ಮಗನ ನಾಮಕರಣದಿಂದ ಎಲ್ಲ ಕೆಟ್ಟಿತು. ಜಿಪುಣನಿಗೆ ಆ ದಿನ ಏನು ತಿಕ್ಕಲು ಹಿಡಿಯಿತೋ, ಬೆಲ್ಲದ ಪಾಕದಲ್ಲಿ ಮಂಡಕ್ಕಿ ಕಲಸಿ ಉಂಡೆ ಕಟ್ಟಿಸಿ ಊರಿಗೆಲ್ಲ ಹಂಚಿಸಿದ. ಅವತ್ತು ಭಟ್ಟಿ ಎಂದಿನಂತೆ ಉರಿಯುತ್ತಿತ್ತು, ಆದರೆ ಅವನಿಗೆ ಒಂದು ಆಕಳಿಕೆಯೂ ಬರಲಿಲ್ಲ. ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿ ಇಳಿದ. ಮಂದಬುದ್ಧಿಯವನಾಗಿದ್ದರೆ ದೇವರ ದಯೆ ಎಂದು ಸುಮ್ಮನಾಗುತ್ತಿದ್ದ. ಇವನು ಮರುದಿನ ಮತ್ತೆ ಹಂಚಿಸಿ ನೋಡಿದ. ಮತ್ತೂ ಒಂದು ದಿನ ನೋಡಿದ. ಉಂಡೆ ಅವನ ಲಾಭದ ಬೆಲ್ಲದ್ದು, ಲಾಭದ ಮಂಡಕ್ಕಿಯದು. ಅದು ಯಾರ ಕೈಗೆ ಹೋಯಿತೋ ಅವರೂ ಲಾಭ ಪಡೆದವರೇ. ಚೂರು ಸಿಕ್ಕವನೂ ಒಬ್ಬ, ಚೀಲ ಸಿಕ್ಕವನೂ ಒಬ್ಬ. ದಣಿವು ಲಾಭದ ಗಾತ್ರ ನೋಡದೆ ತಲೆ ಎಣಿಸಿ ಪಾಲಾಗುತ್ತದೆ ಎಂಬುದನ್ನು ನಮ್ಮೂರಲ್ಲಿ ಮೊದಲು ಕಂಡುಹಿಡಿದವನು ಅವನೇ. ಯಾಕೆಂದರೆ ಅವನಿಗಿಂತ ಮೊದಲು ಲಾಭವನ್ನು ಹಂಚಿ ನೋಡಿದ ಮಾಲೀಕ ಒಬ್ಬನೂ ಇರಲಿಲ್ಲ.

ಅದಕ್ಕೆ 'ಉಂಡೆ ಸೇವೆ' ಎಂದು ಹೆಸರಾಯಿತು. ಮುರಿಗೆಪ್ಪನ ಆಳು, ಮೀಸೆಯ ಕೊಟ್ರ, ದಿನಾ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಉಂಡೆ ತುಂಬಿಕೊಂಡು ಬೀದಿ ಬೀದಿ ಸುತ್ತುತ್ತಿದ್ದ. ಮನೆಗಿಷ್ಟು ಎಂದು ಕೊಟ್ಟು ಹೋಗುವಂತಿಲ್ಲ. ತಲೆಗೊಂದು ಉಂಡೆ, ಅವರವರ ಕೈಗೇ ಇಡಬೇಕು ಎಂದು ಸಾವುಕಾರರ ಅಪ್ಪಣೆ. "ಎಂಥಾ ಮನಸ್ಸು ನೋಡ್ರಿ! ಹಾಸಿಗಿ ಹಿಡಿದೋರ್ನೂ ಮರೆಯಂಗಿಲ್ಲ" ಎಂದು ಜನ ಕೆನ್ನೆ ಬಡಿದುಕೊಂಡರು. ಸಿಹಿ ಹಿಡಿದು ಬಂದವನನ್ನು ಬರಿಗೈಯಲ್ಲಿ ಕಳಿಸಬಹುದು, ಸಿಹಿಯನ್ನು ವಾಪಸು ಕಳಿಸಬಾರದು ಎಂಬ ನೇಮ ನಮ್ಮದು. ಎಲ್ಲರೂ ಕೈ ಒಡ್ಡಿದರು.

ಅಲ್ಲಿಂದ ಮುರಿಗೆಪ್ಪ ಎರಡನೇ ಭಟ್ಟಿ ಹಾಕಿದ, ಮೂರನೆಯದನ್ನೂ ಹಾಕಿದ. ನಾವು ದೀಪ ಹಚ್ಚುವ ಹೊತ್ತಿನ ತನಕ ಮರಳು ತಿರುವಿದರೂ ಸಾಕು ಎನ್ನುವವರಿಲ್ಲ. ಅವನು ಕೆರೆ ಏರಿಯ ಮೇಲೆ ಬಿಳಿ ಬೂಟು ಹಾಕಿಕೊಂಡು ಓಡತೊಡಗಿದ. ಹೊಟ್ಟೆ ಕರಗಿತು, ಕೂದಲಿಗೆ ಬಣ್ಣ ಬಂತು. ಇತ್ತ ಊರು ಜೋತುಬಿತ್ತು. ಕ್ಷೌರದವನು ಅರ್ಧ ಗಡ್ಡ ತೆಗೆದು ಗಿರಾಕಿಯ ಹೆಗಲ ಮೇಲೆಯೇ ತಲೆ ಇಟ್ಟ. ಶಾಲೆಯಲ್ಲಿ ಮೇಷ್ಟ್ರು ಬೋರ್ಡಿಗೆ ಒರಗಿ ನಿದ್ದೆ ಹೋದರೆ ಎಬ್ಬಿಸಬೇಕಾದ ಮಕ್ಕಳೂ ನಿದ್ದೆಯಲ್ಲಿದ್ದವು. ಕೆಲವರು ಬೋರ್‌ವೆಲ್ ನೀರಿನ ದೋಷ ಎಂದರು, ಕೆಲವರು ಹವೆ ಎಂದರು. ಡಾಕ್ಟರನ್ನು ಕೇಳಲು ಹೋದವರು ಅವರ ಗೊರಕೆ ಕೇಳಿ ಬಂದರು.

ಜಂಬಣ್ಣನಿಗೆ ಮೊದಲು ಹಿತ್ತಲು ತಪ್ಪಿತು. ಆಮೇಲೆ ಕೂರುವುದು ತಪ್ಪಿತು. ಮೂರು ಭಟ್ಟಿಗಳ ದಣಿವಿನಲ್ಲಿ ಒಂದು ಪಾಲು, ಗಟ್ಟಿಮುಟ್ಟಾದವನಿಗೆ ಬರೀ ತೂಕಡಿಕೆ. ಇವನಿಗೆ ಅದು ಎದೆಯ ಮೇಲೆ ಇಟ್ಟ ಬೀಸುಕಲ್ಲು. ಅನ್ನ ಕಲಸಿ ಬಾಯಿಗೆ ಇಟ್ಟರೆ ಅಗಿಯುವ ನಡುವೆ ನಿಲ್ಲಿಸಿ ಉಸಿರಿಗೆ ಕಾಯುತ್ತಿದ್ದ. ಮಗ್ಗುಲು ಬದಲಿಸಲು ನನ್ನನ್ನು ಕರೆಯಬೇಕೆಂದರೆ ಕರೆಯುವಷ್ಟು ದನಿಯೂ ಇರಲಿಲ್ಲ.

ಗಾಡಿಯ ಅಚ್ಚು ಮುರಿದು ಒಂದು ದಿನ ಉಂಡೆ ಬರಲಿಲ್ಲ. ಆ ದಿನ ನಾನು ಕೆಲಸಕ್ಕೆ ಹೊರಡುವಾಗ ಬೀದಿಯ ತುಂಬ ಜನ ಎಚ್ಚರವಾಗಿ ಜಗಳವಾಡುತ್ತಿದ್ದರು, ಜಂಬಣ್ಣ ತಾನೇ ಎದ್ದು ಕೂತು ನೀರು ಕೇಳಿದ. ಭಟ್ಟಿಗೆ ಹೋದರೆ ಮುರಿಗೆಪ್ಪ ಬಿಳಿ ಬೂಟಿನಲ್ಲೇ ಚೀಲಗಳ ಮೇಲೆ ಬಿದ್ದು ನರಳುತ್ತಿದ್ದ. ತಿಳಿಯಲು ಇನ್ನೇನು ಬೇಕು?

ಮರುದಿನ ಕೊಟ್ರ ಒಳಗೆ ಕಾಲಿಡುತ್ತಿದ್ದಂತೆ ಬಾಗಿಲಿಗೆ ಅಡ್ಡ ನಿಂತೆ. "ನನ್ನ ಗಂಡಗೆ ಬ್ಯಾಡ. ಮುಂದಕ್ಕೆ ಹೋಗು."

"ಸಿಹಿ ಬ್ಯಾಡ ಅಂತೀಯಲ್ಲವ್ವ, ಮನೆಗೆ ಒಳ್ಳೇದಾಗ್ತೈತಾ?"

"ನಿನ್ನ ಮೀಸಿಗೆ ಬೆಂಕಿ ಹಾಕಿದ್ರೆ ಒಳ್ಳೇದಾಗ್ತೈತೆ. ನಡಿ."

ಅವನು ಗಾಡಿ ತಿರುಗಿಸಿದ. ಅಷ್ಟರಲ್ಲಿ ಕಿಟಕಿಯ ಸರಳುಗಳ ನಡುವಿಂದ ಒಂದು ಕೈ ಹೊರಗೆ ಬಂತು. ಕಡ್ಡಿಯಂಥ ಕೈ, ಅಂಗೈ ಮೇಲೆ ಮಾಡಿ ಚಾಚಿತ್ತು. ಕೊಟ್ರ ನನ್ನ ಮುಖ ನೋಡಿ ನಕ್ಕು ಅದರ ಮೇಲೆ ಉಂಡೆ ಇಟ್ಟ.

ನಾನು ಒಳಗೆ ಹೋಗಿ ಬಾಯಿಗೆ ಬಂದಂತೆ ಬೈದೆ. "ಜೀವ ಹೋಗೋದು ತಿಳಿಯವಲ್ದಾ ನಿಮಗೆ? ಆ ಉಂಡ್ಯಾಗೆ ಏನೈತೆ?"

ಜಂಬಣ್ಣ ಉಸಿರು ಕೂಡಿಸಿಕೊಂಡು ಒಂದೊಂದೇ ಮಾತು ಆಡಿದ. "ತಲೆಗೊಂದು... ಅಂತಾನೆ ಅವ್ನು. ನನ್ನ ಬಿಟ್ರೆ... ನಾನು ಸತ್ತೋರ ಲೆಕ್ಕಕ್ಕೆ ಬಂದಂಗೆ ಅಲ್ವೇನೆ?"

ವರ್ಷಗಟ್ಟಲೆ ಹೊಟ್ಟು ಊಡಿದವನನ್ನು ಊರು ಎಣಿಸುತ್ತಿದ್ದದ್ದು ಆ ಒಂದು ಉಂಡೆಯಲ್ಲಿ. ಸಾಯಿಸುವುದೂ ಅದೇ ಎಂದರೆ ಅವನು ನಂಬುತ್ತಿದ್ದ, ಆದರೆ ಕೈ ಮಾತ್ರ ಹಿಂದೆ ತೆಗೆಯುತ್ತಿರಲಿಲ್ಲ.

ಅಕ್ಕಪಕ್ಕದವರಿಗೆ ಹೇಳಿದೆ. ಎದುರು ಮನೆಯವಳು ಆಕಳಿಸುತ್ತ, "ಬಿಟ್ಟಿ ಕೊಡೋನ ಮ್ಯಾಲೆ ಯಾಕಿಷ್ಟು ಉರಕೊಳ್ತೀ ಸಂಕವ್ವ? ನೀನು ಬಿಟ್ರೆ ನಿನ್ನ ಪಾಲಿಂದೂ ನಮ್ಮ ಮ್ಯಾಲೆ ಬೀಳಾಕಿಲ್ವಾ? ಒಳ್ಳೆ ನೆರೆಯವಳು" ಎಂದಳು. ಅಂದರೆ ಅವರಿಗೂ ಗೊತ್ತಿತ್ತು! ಗೊತ್ತಿದ್ದೇ ತಿನ್ನುತ್ತಿದ್ದರು. ಎಲ್ಲರೂ ಒಟ್ಟಿಗೆ ಬಿಡೋಣ ಎಂದರೆ, ಮೊದಲು ಅವರು ಬಿಡಲಿ ಎಂದು ಎಲ್ಲರೂ ಎಲ್ಲರ ಕಡೆ ಕೈ ತೋರಿಸಿದರು.

ಕೊನೆಗೆ ನೇರವಾಗಿ ಮುರಿಗೆಪ್ಪನ ಹತ್ತಿರವೇ ಹೋದೆ. ಜಗುಲಿಯ ಮೇಲೆ ನೆನೆಸಿದ ಬಾದಾಮಿಯ ಸಿಪ್ಪೆ ಸುಲಿಯುತ್ತ ಕೂತಿದ್ದ.

"ಸಾವ್ಕಾರ್ರೇ, ನಮ್ಮನೆಯೋರು ಉಳಿಯಂಗಿಲ್ಲ. ಉಂಡೆ ನಿಲ್ಸಿರಿ."

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಅವನ ಮೇಲೆ ಒಂದಿಷ್ಟು ಗೌರವ ಇರುತ್ತಿತ್ತು. "ತಂಗೀ," ಎಂದ, "ಮೊದ್ಲು ಇಷ್ಟೂ ದಣಿವು ನಾನೊಬ್ನೇ ಹೊರ್ತಿದ್ದೆ. ಆಗ ಯಾರಾದ್ರೂ ಬಂದು ಅಯ್ಯೋ ಅಂದ್ರಾ? ಈಗ ಊರೆಲ್ಲ ಸೇರಿ ಹೊರ್ತೈತೆ. ಹಂಚ್ಕೊಂಡು ಬಾಳಬೇಕು ಅಂತ ದೊಡ್ಡೋರು ಹೇಳಿದ್ದು ಇದನ್ನೇ ಅಲ್ವಾ?"

"ದಣಿವು ಹಂಚಿದ್ರಿ. ಲಾಭ?"

"ಅದನ್ನೂ ಹಂಚ್ತಾ ಇದೀನಲ್ಲ. ಉಂಡೆ." ಒಂದು ಬಾದಾಮಿ ಬಾಯಿಗೆ ಹಾಕಿಕೊಂಡ. "ಜಂಬಣ್ಣಗೆ ಬೇಕಾದ್ರೆ ನಾಳಿಂದ ಎರಡು ಕೊಡಾಕೆ ಹೇಳ್ತೀನಿ."

ನಾನು ಜಗುಲಿ ಇಳಿದು ಬಂದೆ. ಬಾಯಿ ತೆರೆದಿದ್ದರೆ ಕೆಲಸ ಹೋಗುತ್ತಿತ್ತು. ಆ ಕೆಲಸ ನನಗೆ ಆಗ ಬೇಕಾಗಿತ್ತು, ಯಾಕೆಂದರೆ ಉಂಡೆ ಕಟ್ಟುವ ಕೈಗಳಲ್ಲಿ ಎರಡು ನನ್ನವು.

ಅದೇ ವಾರ ಊರಿನ ಹಿರಿಯರು ಸೇರಿ ಮುರಿಗೆಪ್ಪನಿಗೆ 'ಕಾಯಕ ಭೂಷಣ' ಎಂಬ ಬಿರುದು ಕೊಡುವುದೆಂದು ನಿಶ್ಚಯಿಸಿದರು. ಸಭೆಯ ಅಧ್ಯಕ್ಷತೆ ನಿವೃತ್ತ ಹೆಡ್‌ಮೇಷ್ಟ್ರು ಶೇಖರಯ್ಯನವರದು. ಸಂಪತ್ತು ಹುಟ್ಟುವುದು ಹೇಗೆ ಎಂಬ ವಿಷಯವಾಗಿ ಮುರಿಗೆಪ್ಪನೇ ಊರಿಗೆ ನಾಲ್ಕು ಮಾತು ಹೇಳುವವನಿದ್ದ. ಸಭೆಯ ಹಿಂದಿನ ದಿನ ಮಧ್ಯಾಹ್ನ ಉಂಡೆ ಕಟ್ಟಲು ಕೂತಾಗ ನಾನು ಹೆಂಗಸರಿಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ.

ಕೂಲಿಯ ಜತೆಗೆ ನಮಗೆ ಮಂಡಕ್ಕಿ ಕೊಡುವ ರೂಢಿ ಇತ್ತು. ಅದು ಕೂಲಿಯದು, ನಮ್ಮದು. ಬೆಲ್ಲ ನಮ್ಮ ನಮ್ಮ ಮನೆಯ ಡಬ್ಬಿಗಳಲ್ಲಿತ್ತು. ನಾಳೆಯ ಉಂಡೆಯನ್ನು ನಮ್ಮ ಮಂಡಕ್ಕಿಯಲ್ಲಿ, ನಮ್ಮ ಬೆಲ್ಲದಲ್ಲಿ ಕಟ್ಟಬೇಕು. ಮುರಿಗೆಪ್ಪನ ಬೆಲ್ಲ, ಮುರಿಗೆಪ್ಪನ ಮಂಡಕ್ಕಿ ಅವನ ಕೋಣೆಯಲ್ಲೇ ಇರಲಿ. ಆಗ ಊರು ತಿನ್ನುವುದು ನಮ್ಮ ಉಂಡೆ. ಅವನ ಲಾಭದ ಚೂರೂ ಯಾರ ಕೈಗೂ ಹೋಗುವುದಿಲ್ಲ.

ಬೀಬಿಜಾನ್ ಪಾಕ ತಿರುವುವುದನ್ನು ನಿಲ್ಲಿಸಿದಳು. ನನಗಿಂತ ಚಿಕ್ಕವಳು, ನನಗಿಂತ ಲೆಕ್ಕಾಚಾರದವಳು. "ಅಕ್ಕಾ, ಇಡೀ ಊರಿಗೆ ನಾವು ಬೆಲ್ಲ ತಿನ್ನಿಸಬೇಕಾ? ನನ್ನ ಮಕ್ಕಳು ಚಾಕ್ಕೆ ಏನು ಹಾಕ್ಕೊಳ್ಳೋದು?"

"ಒಂದು ದಿನ ಕಪ್ಪು ಚಾ ಕುಡೀಲಿ."

"ಕಂಡುಹಿಡಿದ್ರೆ?"

"ಏನಂತ ಕಂಡುಹಿಡೀತಾನೆ? ಇವರು ನನ್ನ ಬೆಲ್ಲ ಕದೀಲಿಲ್ಲ ಅಂತ ಪೊಲೀಸ್ರಿಗೆ ದೂರು ಕೊಡ್ತಾನಾ?"

ಮೊದಲು ಅವಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಬೆಲ್ಲ ತಂದರು. ಕೊಟ್ಟವರು ಮುಖ ಹುಳ್ಳಗೆ ಮಾಡಿಕೊಂಡೇ ಕೊಟ್ಟರು ಎಂಬುದನ್ನೂ ಹೇಳಿಬಿಡುತ್ತೇನೆ.

ಬೆಳಿಗ್ಗೆ ಕೊಟ್ರ ನಮ್ಮ ಉಂಡೆಗಳನ್ನು ತಲೆಗೊಂದರಂತೆ ಕೈಕೈಗೆ ಹಂಚಿದ. ಕಿಟಕಿಯಿಂದ ಬಂದ ಕೈಗೂ ಒಂದು ಇಟ್ಟ. ನಾನು ತಡೆಯದೆ ನಿಂತು ನೋಡಿದೆ. ಬೀಬಿಜಾನ್ ಮತ್ತು ಉಳಿದವರು ಮೂರೂ ಭಟ್ಟಿಗಳನ್ನು ಹಚ್ಚಿದರು. ನಾನು ಹೊಸ ಸೀರೆ ಉಟ್ಟು ಸಭೆಗೆ ಹೋದೆ.

ಶಾಲೆಯ ಬಯಲು ತುಂಬಿತ್ತು. ಎಷ್ಟೋ ದಿನಗಳ ಮೇಲೆ ಜನ ಕಣ್ಣರಳಿಸಿ ಕೂತಿದ್ದರು. ಮುರಿಗೆಪ್ಪ ಅದನ್ನು ತನ್ನ ಮೇಲಿನ ಗೌರವ ಎಂದು ತಿಳಿದ. ಪೇಟ ಸುತ್ತುವಾಗಲೇ ಅವನ ತಲೆ ಒಂದು ಕಡೆ ವಾಲುತ್ತಿತ್ತು. ಶೇಖರಯ್ಯ ಮೇಷ್ಟ್ರು ಅದನ್ನು ವಿನಯ ಎಂದರು.

ಮುರಿಗೆಪ್ಪ ಮೈಕಿನ ಮುಂದೆ ಬಂದು ಅದರ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. "ಬಂಧುಗಳೇ, ಸಂಪತ್ತು ಆಕಾಶದಿಂದ ಬೀಳಾಕಿಲ್ಲ. ಮೈ ಮುರಿದು ದುಡೀಬೇಕು..." ಅಷ್ಟಕ್ಕೆ ಬಲಗೈ ಮೂರು ಭಟ್ಟಿಗಳ ಮರಳಿನ ಭಾರ ಬಿದ್ದಂತೆ ಜೋತುಬಿತ್ತು. ಎಡಗೈ ಎತ್ತಿದ, ಅದೂ ಬಿತ್ತು. "ದುಡಿಯೋನಿಗೆ ದಣಿವು ಅನ್ನೋದು ಗೊತ್ತೇ ಆಗಬಾರ್ದು..." ಎಂದವನು ಮೊಣಕಾಲು ಮಡಚಿ ವೇದಿಕೆಯ ಮೇಲೆ ಕುಕ್ಕರಿಸಿದ. ಮೈಕಿನ ಕಂಬ ಅವನ ಜತೆಗೇ ಕೆಳಗೆ ಬಂತು. ಹಾರ ಕೊರಳಲ್ಲಿ, ಪೇಟ ಮೂಗಿನ ಮೇಲೆ. ಮೈಕಿನಲ್ಲಿ ಊರಿಗೆಲ್ಲ ಕೇಳುವಂತೆ ಅವನ ಏದುಸಿರು. ಹಿಂದಿನ ಸಾಲಿನ ಹುಡುಗರು ಭಾಷಣ ಚೆನ್ನಾಗಿದೆ ಎಂದು ಸೀಟಿ ಹೊಡೆದರು.

ನಾನು ವೇದಿಕೆ ಹತ್ತಿ ಅವನ ಪಕ್ಕದಲ್ಲಿ ಕೂತೆ. ಅವನ ಕಣ್ಣುಗಳು ನನ್ನನ್ನು ಕಂಡ ಕೂಡಲೆ ಎಲ್ಲ ತಿಳಿದುಕೊಂಡವು. ಆ ಮಟ್ಟಿಗೆ ಅವನು ಜಾಣನೇ.

"ಸಂಕವ್ವ, ನಿಲ್ಲಿಸಾಕೆ ಹೇಳೇ... ಜೀವ ಹೋಗ್ತೈತೆ."

"ನಮ್ಮನೆಯೋರೂ ಇದನ್ನೇ ಅಂತಿದ್ರು. ಅವರ ದನಿ ನಿಮ್ಮ ಜಗುಲಿ ತನಕ ಬರ್ತಿರಲಿಲ್ಲ, ನಿಮಗೆ ಮೈಕು ಐತೆ."

"ಏನ್ ಬೇಕು?"

"ಉಂಡೆ ಇವತ್ತಿಗೆ ಮುಗೀಬೇಕು. ಭಟ್ಟಿ ಲಾಭ ಭಟ್ಟಿಯಾಗೆ ದುಡಿಯೋರಿಗೆ, ನಿಮ್ಮನ್ನೂ ಸೇರಿಸಿ, ಸಮ ಸಮ. ದಣಿವೂ ಸಮ ಸಮ. ಯಾವಾಗ ಒಲೆ ಆರಿಸಬೇಕು ಅಂತ ನಮ್ಮ ಸೊಂಟ ನಾವೇ ಕೇಳ್ಕೊಂಡು ಹೇಳ್ತೀವಿ."

"ಸಮ ಅಂದ್ರೆ... ಒಲೆ ಮುಂದೆ ಕೂರೋಳಿಗೂ ನನಗೂ?"

"ಒಲೆ ಮುಂದೆ ಕೂರೋಳಿಗೂ ನಿಮಗೂ. ಮಾತು ತಪ್ಪಿ ಮತ್ತೆ ಉಂಡೆ ಹಂಚಾಕೆ ಹೋದ್ರೂ ಕಟ್ಟೋರು ನಾವೇ, ಮರೀಬ್ಯಾಡ್ರಿ."

ಈ ಮಾತೆಲ್ಲ ಮೈಕಿನಲ್ಲಿ ಹೋಗುತ್ತಿತ್ತು. ಅವನು ಹೂಂ ಎಂದದ್ದೂ ಹೋಯಿತು. ನಾನು ಶೇಖರಯ್ಯ ಮೇಷ್ಟ್ರ ಮುಂದೆ ಮತ್ತೊಮ್ಮೆ ಹೂಂ ಅನ್ನಿಸಿ, ಒಲೆ ಆರಿಸಲು ಹೇಳಿ ಭಟ್ಟಿಗೆ ಆಳು ಓಡಿಸಿದೆ.

ಜನ ನನ್ನನ್ನು ಹೊತ್ತು ಮೆರೆಸಿದರು ಎಂದುಕೊಂಡಿರಾ? ನಾಳೆಯಿಂದ ಉಂಡೆ ಇಲ್ಲ ಎಂದು ತಿಳಿದ ಕೂಡಲೇ ಎದುರು ಮನೆಯವಳು ನನ್ನ ಮುಂದೆ ನೆಲಕ್ಕೆ ಉಗುಳಿದಳು. "ಭಟ್ಟಿಯೋರು ದುಡ್ಡು ಹಂಚ್ಕೊಂಡ್ರು, ನಮ್ಮ ಮಕ್ಕಳ ಕೈಯಾಗಿನ ಸಿಹಿ ಕಸ್ಕೊಂಡ್ರು" ಎಂದು ಬೀದಿಯಲ್ಲಿ ಸಾರಿದಳು. ಹಾಗೆ ಸಾರಿಕೊಂಡು ಊರು ಸುತ್ತುವಷ್ಟು ಶಕ್ತಿ ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ನಾವು ಈಗ ಸಂಜೆಗೆ ಮುಂಚೆಯೇ ಒಲೆ ಆರಿಸುತ್ತೇವೆ. ಮೂರನೇ ಭಟ್ಟಿ ಮುಚ್ಚಿದೆ. ಕಾಲು ನೋಯುತ್ತದೆ, ತೋಳು ಸೇದುತ್ತದೆ. ಬೀಬಿಜಾನ್ ಮೊದಲ ದಿನ ಮನೆಗೆ ನಡೆಯಲಾರದೆ ಕಟ್ಟೆಯ ಮೇಲೆ ಕೂತು, "ಅಕ್ಕಾ, ದಣಿವು ಅಂದ್ರೆ ಇಷ್ಟಾ? ಇದಕ್ಕಾ ಆ ಮುದುಕ ಅಷ್ಟು ನರಳ್ತಿದ್ದದ್ದು?" ಎಂದು ಬಿದ್ದು ಬಿದ್ದು ನಕ್ಕಳು. ಜಂಬಣ್ಣನ ಕೈಗೆ ಲಾಭ ಬೀಳುವುದಿಲ್ಲ, ನನ್ನ ಕೈಗೆ ಬೀಳುತ್ತದೆ. ಅವನಿಗೆ ನಾನು ಕೂಲಿಯ ದುಡ್ಡಿನ ಅನ್ನ ಮಾತ್ರ ಹಾಕುತ್ತೇನೆ. ಉಂಡೆ ನಿಂತ ಮರುದಿನವೇ ಬಿಸಿಲು ಏರುವ ಹೊತ್ತಿಗೆ ಅವನು ಎದ್ದು ಕೂತ. ಬೇಸಿಗೆಗೆ ಗೋಡೆ ಹಿಡಿದು ನಿಂತ. ಉಂಡೆ ಬರಲಿಲ್ಲವೆಂದು ಎಷ್ಟೋ ದಿನ ನನ್ನ ಜತೆ ಮಾತು ಬಿಟ್ಟಿದ್ದ. ಮಾತು ಬಿಡಲೂ ಒಂದು ತ್ರಾಣ ಬೇಕು ಎಂದು ನಾನು ಸುಮ್ಮನಿದ್ದೆ.

ಮಳೆಗಾಲ ಮುಗಿದ ಮೇಲೆ ಅದೇ ಬಯಲಿನಲ್ಲಿ ಇನ್ನೊಂದು ಸಭೆ ಸೇರಿತು. ತನ್ನ ಲಾಭವನ್ನು ಕೂಲಿಯವರೊಂದಿಗೆ ಸ್ವಂತ ಇಚ್ಛೆಯಿಂದ ಸಮನಾಗಿ ಹಂಚಿಕೊಂಡ ಮಹಾತ್ಯಾಗಕ್ಕಾಗಿ ಮುರಿಗೆಪ್ಪನಿಗೆ 'ಸಮತಾ ಶಿರೋಮಣಿ' ಎಂಬ ಬಿರುದು. ಶೇಖರಯ್ಯ ಮೇಷ್ಟ್ರು ಕಣ್ಣು ಒರೆಸಿಕೊಂಡು ಮಾತಾಡಿದರು. ಮುರಿಗೆಪ್ಪ ತನ್ನ ಪಾಲಿನ ದಣಿವಿಗೆ ತಕ್ಕಷ್ಟೇ ಒಂದು ಸಣ್ಣ ಆಕಳಿಕೆ ತೆಗೆದು, ಬಹಳ ದಿನದಿಂದ ತನ್ನ ಮನಸ್ಸಿನಲ್ಲಿ ಇದೇ ಇತ್ತು ಎಂದ. ಭಟ್ಟಿಯ ಹೆಂಗಸರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನ್ನ ಹೆಸರನ್ನಂತೂ ಕೇಳಲೇಬೇಡಿ. ನಾನು ಎದ್ದು ಹೋಗಿ ಆ ಮೈಕು ಕಿತ್ತುಕೊಳ್ಳೋಣ ಎಂದು ಸೆರಗು ಸಿಕ್ಕಿಸಿದೆ.

ಆಗ ಪಕ್ಕದಲ್ಲಿ ಚಪ್ಪಾಳೆ ಕೇಳಿಸಿತು. ಮನೆಯಿಂದ ಬಯಲಿನ ತನಕ ನನ್ನ ಹೆಗಲು ಹಿಡಿಯದೆ ನಡೆದುಬಂದಿದ್ದ ಜಂಬಣ್ಣ ಮುರಿಗೆಪ್ಪನಿಗೆ ಚಪ್ಪಾಳೆ ತಟ್ಟುತ್ತಿದ್ದ. "ಧರ್ಮಾತ್ಮ ಕಣೇ," ಎಂದ ನನ್ನ ಕಡೆ ತಿರುಗಿ, ಒಂದೇ ಉಸಿರಿನಲ್ಲಿ. ಆ ಎರಡು ಕೈಗಳನ್ನೂ ಹಿಡಿದು ಕೆಳಗೆ ಎಳೆಯಲು ನನ್ನ ಕೈ ಮುಂದೆ ಹೋಯಿತು. ಜನ ತಟ್ಟುವುದನ್ನು ನಿಲ್ಲಿಸಿದರೂ ಅವನು ನಿಲ್ಲಿಸಿರಲಿಲ್ಲ. ಕೆಮ್ಮಿಲ್ಲ, ಏದುಸಿರಿಲ್ಲ. ಆ ಲಫಂಗನಿಗಾಗಿಯೇ ತಟ್ಟುತ್ತಿದ್ದರೂ ಆ ಕೈಗಳನ್ನು ತಡೆಯಲು ನನಗೆ ಮನಸ್ಸು ಬರಲಿಲ್ಲ. ಅವನ ತೋಳು ತಾನಾಗಿ ಸೋಲುವ ತನಕ ಸಿಕ್ಕಿಸಿದ ಸೆರಗು ಸಡಿಲ ಬಿಟ್ಟು ಕಾಯುತ್ತ ಕೂತೆ.